ಉತ್ತೇಜಕವನ್ನೂ ಶಾಮಕವನ್ನೂ ಒಟ್ಟಿಗೆ ತೆಗೆದುಕೊಂಡರೆ ಒಂದನ್ನೊಂದು ರದ್ದುಮಾಡುತ್ತವೆಯೇ?

ಅಡಿಕೆ ಸುಗ್ಗಿಯಲ್ಲಿ ರಾತ್ರಿ ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಮುಂದೆ ಕೂರಬೇಕಾದ ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು, ಶಾಮಕವಾದ, ಅಂದರೆ ಶಾಂತಗೊಳಿಸುವ, ನಿದ್ರೆ ಮಾತ್ರೆಯ ಮಂಪರನ್ನು ಉತ್ತೇಜಕವಾದ ಗಟ್ಟಿ ಕಾಫಿ ಕಳೆಯುತ್ತದೆಯೇ ಎಂದು ಕೇಳಿದ್ದಾರೆ. ಪೂರ್ತಿಯಾಗಿ ಕಳೆಯುವುದಿಲ್ಲ. ಏಕೆಂದರೆ ಡಯಾಜೆಪಾಮ್‌ನಂಥ ಮಾತ್ರೆ ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿದರೆ, ಕಾಫಿಯಲ್ಲಿರುವ ಕೆಫೀನ್ ನಿದ್ದೆ ತರಿಸುವ ಅಡಿನೋಸಿನ್‌ಗೆ ಅಡ್ಡ ನಿಲ್ಲುತ್ತದೆ. ಎರಡರ ದಾರಿಯೇ ಬೇರೆ.

ಈ ಬಗೆಯ ಜೋಡಣೆ ಹೊಸದಲ್ಲ. ಉತ್ತೇಜಕವಾದ ಆಂಫೆಟಮೈನ್ ತರುವ ಚಡಪಡಿಕೆಯನ್ನು ತಗ್ಗಿಸಲೆಂದು ಅದರ ಜೊತೆಗೆ ಬಾರ್ಬಿಟ್ಯುರೇಟ್ ಎಂಬ ಶಾಮಕಗಳ ಗುಂಪಿನ ಅಮೋಬಾರ್ಬಿಟಲ್ ಬೆರೆಸಿದ ಡೆಕ್ಸಮಿಲ್ ಮಾತ್ರೆ 1950ರಲ್ಲಿಯೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ನನಗೆ ಅತ್ಯಂತ ಮುಖ್ಯವೆನಿಸುವುದು ಲಂಡನ್ನಿನಲ್ಲಿ ಸಂಶೋಧಕರಾದ ರಶ್ಟನ್ ಮತ್ತು ಹ್ಯಾನಾ ಸ್ಟೈನ್‌ಬರ್ಗ್ ನಡೆಸಿ 1963ರಲ್ಲಿ ಪ್ರಕಟಿಸಿದ ಪ್ರಯೋಗ: ಮೂರು ಕವಲಿನ ಪೆಟ್ಟಿಗೆಯಲ್ಲಿ ಬಿಟ್ಟ ಇಲಿಗಳು ಒಂದು ಕವಲಿನಿಂದ ಇನ್ನೊಂದಕ್ಕೆ ಎಷ್ಟು ಬಾರಿ ಹೋಗುತ್ತವೆಂದು ಎಣಿಸಿದಾಗ, ಇದೇ ಎರಡು ಔಷಧಗಳ ಮಿಶ್ರಣ ಪಡೆದ ಇಲಿಗಳ ಓಡಾಟ ಬಿಡಿಬಿಡಿಯಾಗಿ ಪಡೆದವುಗಳಿಗಿಂತ ಹೆಚ್ಚಿತ್ತು. ಪರಸ್ಪರ ವಿರುದ್ಧವೆಂದು ನಾವು ಭಾವಿಸುವ ಔಷಧಗಳು ಸೇರಿ ಪರಿಣಾಮವನ್ನು ಹೆಚ್ಚಿಸಲೂಬಹುದು ಎಂಬುದು ಇದರಿಂದ ತಿಳಿಯಿತು.

ಕೆಫೀನ್‌ನ ಪ್ರಮಾಣ ದೇಹದಲ್ಲಿ ಸಾಮಾನ್ಯವಾಗಿ ಸುಮಾರು 5 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ, ಆದರೆ ಡಯಾಜೆಪಾಮ್‌ಗೆ ಅದಕ್ಕೆ ಒಂದು ದಿನ ಅಥವಾ ಹೆಚ್ಚೇ ಬೇಕಾಗಬಹುದು. ಆದ್ದರಿಂದ ಮಾತ್ರೆ ನುಂಗಿದ ಮರುದಿನ ಕಾಫಿ ಕುಡಿದು ಎಚ್ಚರವಾಗಿದ್ದೇನೆಂದು ನಂಬಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಡಿ ಓಡಿಸುವುದು ಅಪಾಯಕರ; ಸುಗ್ಗಿಯ ರಾತ್ರಿಗಳಲ್ಲಿ ಮಾತ್ರೆಯನ್ನು ಹೇಗೆ ಹೊಂದಿಸಬೇಕೆಂದು ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ.