ಆ್ಯಂಟಿಬಯಾಟಿಕ್ ಮುಗಿದ ಮೇಲೆ ಕಾಮಾಲೆ

ಪ್ರಶ್ನೆ: ಆರು ವರ್ಷದ ಮಗನಿಗೆ ಕಿವಿಯ ಸೋಂಕಿಗೆಂದು ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್ ಕೊಟ್ಟು ಮುಗಿಸಿ ಎರಡು ವಾರವಾಯಿತು, ಈಗ ಕಣ್ಣು ಹಳದಿಯಾಗಿದೆ. ಔಷಧವೇ ಕಾರಣವಿರಬಹುದೇ?
— ಓರ್ವ ತಾಯಿ, ಬಸವನಗುಡಿ, ಬೆಂಗಳೂರು

ಉತ್ತರ: ಇರಬಹುದು. ಈ ಔಷಧದಿಂದಾಗುವ ಯಕೃತ್ತಿನ ಹಾನಿ ಹಲವೊಮ್ಮೆ ಕೋರ್ಸ್ ಮುಗಿದ ಕೆಲವು ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ, ಎರಡರ ನಡುವಿನ ನಂಟು ಹೆತ್ತವರಿಗೆ ಹೊಳೆಯುವುದೇ ಇಲ್ಲ. ನೀವು ಗಮನಿಸಿದ್ದು ಒಳ್ಳೆಯದಾಯಿತು. ಮಕ್ಕಳಲ್ಲಿ ಇದು ಅಪರೂಪ, ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೂ ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಹೆಚ್ಚುವ ಹಳದಿ ವರ್ಣದ್ರವ್ಯ), ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ಹೆಚ್ಚುವ ಕಿಣ್ವ), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಎಂಬ ರಕ್ತಪರೀಕ್ಷೆಗಳ ಜೊತೆಗೆ, ಕಲುಷಿತ ನೀರು–ಆಹಾರದಿಂದ ಹರಡುವ ಹೆಪಟೈಟಿಸ್ ಎ ಇದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಮಗು ಅತಿಯಾಗಿ ಮಂಕಾದರೆ, ತಡಬಡಿಸಿ ಮಾತನಾಡಿದರೆ ಅಥವಾ ರಕ್ತಸ್ರಾವವಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಔಷಧವೇ ಕಾರಣವೆಂದು ತಿಳಿದುಬಂದಲ್ಲಿ, ಅದನ್ನು ಮತ್ತೆ ಕೊಡಬಾರದೆಂದು ಮಗುವಿನ ದಾಖಲೆಯಲ್ಲಿ ಬರೆಸಿಡಿ.