ಪಕ್ಷ ಬೇರೆಯಾದರೆ ಸಂಬಂಧವೇ ಬೇಡ ಎನ್ನುವುದೇಕೆ?

ಪಕ್ಷವೆಂಬುದು ಮತ ಹಾಕುವ ಆಯ್ಕೆಯಾಗಿ ಉಳಿಯದೆ ‘ನಮ್ಮವರು’, ‘ಅವರು’ ಎಂಬ ಗುರುತಾಗುವುದೇ ಇದಕ್ಕೆ ಕಾರಣ. ತೆರಿಗೆಯ ಬಗ್ಗೆ ಜಗಳವಿದ್ದರೂ ಸಂಸಾರ ನಡೆಯುತ್ತದೆ. ಎದುರಿನವರ ಗುಣವೇ ಕೆಟ್ಟದ್ದು ಎಂದುಕೊಂಡ ಮೇಲೆ ನಡೆಯುವುದು ಕಷ್ಟ. ಅಮೆರಿಕದಲ್ಲಿ ಇದನ್ನು ಅಳೆದಿದ್ದಾರೆ: ಮಕ್ಕಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಎಂದವರು 1960ರಲ್ಲಿ ನೂರಕ್ಕೆ ಸುಮಾರು 5 ಜನ, 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು. ಶಿರಸಿ ಕಡೆ ಜಾತಕ ಕೂಡಿದ ಮೇಲೂ ಹುಡುಗನ ಫೇಸ್‌ಬುಕ್ ಗೋಡೆಯನ್ನು ತಿರುವಿ ನೋಡುವವರನ್ನು ನಾನೇ ಕಂಡಿದ್ದೇನೆ.

ಸುದ್ದಿಯ ಪಾಡೂ ಅದೇ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತವರು ‘ನಿಜವೇ?’ ಎನ್ನುವ ಮೊದಲು ‘ಯಾವ ಚಾನೆಲ್?’ ಎನ್ನುತ್ತಾರೆ. ಅಡಿಕೆ ಧಾರಣೆಯೊಂದಕ್ಕೆ ಮಾತ್ರ ಈ ಪ್ರಶ್ನೆ ಬರುವುದಿಲ್ಲ.