ಎಸಿಬಿ ಟ್ರಿಪ್ ಟೆಸ್ಟ್‌ಗೆ ಸೆಕೆಂಡರಿ ಇಂಜೆಕ್ಷನ್ ಸಾಕಾ, ಪ್ರೈಮರಿಯೇ ಬೇಕಾ?

ಎಸಿಬಿ ಅಂದರೆ ಏರ್ ಸರ್ಕ್ಯೂಟ್ ಬ್ರೇಕರ್, ಫಾಲ್ಟ್ ಬಂದಾಗ ತಾನಾಗಿ ಬಿದ್ದು (ಟ್ರಿಪ್ ಆಗಿ) ಕರೆಂಟ್ ಕಡಿಯುವ ದೊಡ್ಡ ಸ್ವಿಚ್. ಅದು ಸರಿಯಾಗಿ ಬೀಳುತ್ತದಾ ಅಂತ ನೋಡಲು ಬ್ರೇಕರ್ ಮೂಲಕವೇ ದೊಡ್ಡ ಕರೆಂಟ್ ಹರಿಸುವುದು ಪ್ರೈಮರಿ ಇಂಜೆಕ್ಷನ್; ಅದರ ಮಿದುಳಾದ ಟ್ರಿಪ್ ಯೂನಿಟ್‌ಗೆ ಮಾತ್ರ ಕಿಟ್‌ನಿಂದ ಸಣ್ಣ ಸಿಗ್ನಲ್ ಕೊಡುವುದು ಸೆಕೆಂಡರಿ. ಯಾವುದು ಬೇಕು ಅಂತ ನೀವು ಕೇಳಿದ್ದೀರಿ, ಅದನ್ನು ಆಮೇಲೆ ನೋಡೋಣ. "ಮೊದಲು ಸರ್ವಿಸ್ ಮಾಡಿಸಿ, ನಾಲ್ಕೈದು ಸಲ ಆನ್-ಆಫ್ ಮಾಡಿ, ಆಮೇಲೆ ಟೆಸ್ಟ್ ಮಾಡಿಸುತ್ತೇವೆ" ಅಂತ ನಿಮ್ಮ ಪ್ರಶ್ನೆಯ ಕೊನೆಗೆ ಬರೆದಿದ್ದೀರಲ್ಲ, ಅಲ್ಲೇ ನನಗೆ ಎದೆ ಧಸಕ್ಕೆಂದಿತು. ನಾನೂ ಹಾಗೇ ಮಾಡಿದವನು.

ಆಗ ಮಂಡ್ಯ ಜಿಲ್ಲೆಯ ತೂಬಿನಕೆರೆ ಕಡೆ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೆ. 1000 ಕೆವಿಎ ಟ್ರಾನ್ಸ್‌ಫಾರ್ಮರ್. 433 ವೋಲ್ಟ್ ಕಡೆ ಫುಲ್ ಲೋಡ್ ಸುಮಾರು 1333 ಆಂಪ್ಸ್, ಅದಕ್ಕೆ 1600 ಆಂಪ್ಸ್‌ನ ಇನ್‌ಕಮರ್ (ಪ್ಯಾನಲ್‌ಗೆ ಕರೆಂಟ್ ಒಳಬರುವ ಮುಖ್ಯ) ಎಸಿಬಿ. ವರ್ಷವಿಡೀ ಆನ್‌ನಲ್ಲೇ ಇರುತ್ತಿತ್ತು. ಶಟ್‌ಡೌನ್ ಸಿಗುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಪ್ಯಾನಲ್‌ಗೆ ಅರಿಶಿನ ಕುಂಕುಮ ಹಚ್ಚುವ ಹೊತ್ತಿಗೆ ಎಲ್ಲಾ ಫಳಫಳ ಅನ್ನಬೇಕು. ಬ್ರೇಕರ್ ಹೊರಗೆಳೆದು, ಒರೆಸಿ, ಮೆಕ್ಯಾನಿಸಂಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಹತ್ತು ಸಲ ಸ್ಪ್ರಿಂಗ್ ಚಾರ್ಜ್ ಮಾಡಿ ಟಪ್ ಟಪ್ ಅಂತ ಆನ್-ಆಫ್ ಮಾಡಿದೆವು. ಆಮೇಲೆ ಟೆಸ್ಟ್ ಕಿಟ್ ಹಾಕಿದೆವು. ಲಾಂಗ್ ಟೈಮ್ (ಓವರ್‌ಲೋಡ್‌ಗೆ ನಿಧಾನವಾಗಿ), ಶಾರ್ಟ್ ಟೈಮ್ (ಶಾರ್ಟ್ ಸರ್ಕ್ಯೂಟ್‌ಗೆ ಕ್ಷಣ ತಡೆದು), ಇನ್‌ಸ್ಟಂಟೇನಿಯಸ್ (ತಕ್ಷಣ), ಅರ್ತ್ ಫಾಲ್ಟ್ (ಕರೆಂಟ್ ನೆಲಕ್ಕೆ ಸೋರಿದಾಗ), ಹೀಗೆ ಬೀಳುವ ಬಗೆಗಳೆಲ್ಲಾ ಪಾಸ್. ಫೈಲಿಗೆ ರಿಪೋರ್ಟ್ ಸೇರಿಸಿ ಕಡ್ಲೆಪುರಿ ತಿಂದು ಮನೆಗೆ ಹೋದೆ.

ಯುಗಾದಿ ಕಳೆದು ಕೆಲವು ದಿನಕ್ಕೆ ಬಸ್‌ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಚೇಂಬರ್‌ಗೆ ಹೆಗ್ಗಣ ನುಗ್ಗಿ ಶಾರ್ಟ್ ಆಯಿತು. ಇನ್‌ಕಮರ್ 0.2 ಸೆಕೆಂಡಿಗೆ ಬೀಳಬೇಕಿತ್ತು. ಬೀಳಲಿಲ್ಲ. ಕೊನೆಗೆ ಟ್ರಾನ್ಸ್‌ಫಾರ್ಮರ್‌ನ ಎಚ್‌ಟಿ (ಹೈ ಟೆನ್ಷನ್) ಕಡೆಯ ವಿಸಿಬಿ, ಅಂದರೆ ವ್ಯಾಕ್ಯೂಮ್ ಬ್ರೇಕರ್, ಟ್ರಿಪ್ ಆಯಿತು. ಅಷ್ಟರಲ್ಲಿ ಬಸ್‌ಬಾರ್ ಕರಗಿತ್ತು. ಮೂರು ದಿನ ಫ್ಯಾಕ್ಟರಿ ಬಂದ್. ಜನರೇಟರ್ ಇತ್ತು, ಆದರೆ ಅದರ ಕೇಬಲ್ ಬರುತ್ತಿದ್ದದ್ದೂ ಅದೇ ಪ್ಯಾನಲ್‌ಗೆ!

ಟ್ರಿಪ್ ಯೂನಿಟ್ ತೆರೆದು ನೋಡಿದರೆ ಅದರ ಮೆಮೊರಿಯಲ್ಲಿ ಶಾರ್ಟ್ ಟೈಮ್ ಟ್ರಿಪ್ ದಾಖಲಾಗಿತ್ತು. ಅಂದರೆ ಅದು ಹೇಳಬೇಕಾದ್ದನ್ನು ಹೇಳಿತ್ತು, ಬ್ರೇಕರ್ ಕೇಳಿರಲಿಲ್ಲ. ಆಗ ನಮ್ಮ ಹುಡುಗ ಮೆಲ್ಲಗೆ ಬಾಯಿಬಿಟ್ಟ: "ಸಾರ್, ಆಯುಧಪೂಜೆ ದಿನ ಮೊದಲ ಸಲ ಆಫ್ ಒತ್ತಿದಾಗ್ಲೂ ಸ್ವಲ್ಪ ಹಿಡ್ಕೊಂಡು ಬಿಡ್ತು. ಆಮೇಲೆ ಸರಿ ಹೋಯ್ತಲ್ಲ ಅಂತ ಸುಮ್ನಾದೆ."

ತಪ್ಪು ಅವನದಲ್ಲ, ನನ್ನದು. ಟ್ರಿಪ್ ಯೂನಿಟ್ ಬ್ರೇಕರನ್ನು ನೇರವಾಗಿ ಬೀಳಿಸುವುದಿಲ್ಲ. ಒಳಗೆ ಒಂದು ಸ್ಪ್ರಿಂಗ್ ಪಿನ್ನನ್ನು ಮ್ಯಾಗ್ನೆಟ್ ಹಿಡಿದಿರುತ್ತದೆ. ಕಾಯಿಲ್‌ಗೆ ಪಲ್ಸ್ ಬಂದಾಗ ಆ ಹಿಡಿತ ತಪ್ಪುತ್ತದೆ, ಪಿನ್ ಹೋಗಿ ಟ್ರಿಪ್ ಶಾಫ್ಟ್‌ಗೆ ತಟ್ಟುತ್ತದೆ. ತಟ್ಟುವುದು ಅಷ್ಟೇ, ಗುದ್ದುವುದಲ್ಲ. ತಿಂಗಳುಗಟ್ಟಲೆ ಅಲುಗಾಡದೆ ನಿಂತು ಗ್ರೀಸ್ ಒಣಗಿದ್ದರೆ ಆ ತಟ್ಟು ಸಾಲದು. ನೀವು ಹತ್ತು ಸಲ ಆಡಿಸಿದರೆ ಎಲ್ಲಾ ಸಡಿಲವಾಗುತ್ತದೆ, ಹನ್ನೊಂದನೆಯ ಸಲ ಚೆನ್ನಾಗಿಯೇ ಬೀಳುತ್ತದೆ. ಜ್ವರದ ಮಾತ್ರೆ ನುಂಗಿಸಿ ಆಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಫಾಲ್ಟ್ ಬಂದಾಗ ಬ್ರೇಕರ್‌ಗೆ ಸಿಗುವುದು ಮೊದಲನೆಯ ಸಲ ಮಾತ್ರ, ಅಲ್ವಾ? ಇನ್ನು ಆ ಸ್ಪ್ರೇ ಉಳಿದಿದ್ದ ಗ್ರೀಸನ್ನೂ ತೊಳೆದು, ಒಣಗಿ, ಧೂಳು ಹಿಡಿದು ಕೂತಿತ್ತು. ಕಂಪನಿ ಹೇಳಿದ ಗ್ರೀಸ್ ಬಿಟ್ಟು ಬೇರೇನೂ ಹಾಕಬೇಡಿ.

ಹಾಗಾಗಿ ನಿಮ್ಮ ಕ್ರಮವನ್ನೇ ತಿರುಗಿಸಿ. ಶಟ್‌ಡೌನ್ ದಿನ ಲೋಡ್ ಪೂರ್ತಿ ಇಳಿಸಿ. ಆಮೇಲೆ ಆಫ್ ಬಟನ್ ಮುಟ್ಟಬೇಡಿ, ಟ್ರಿಪ್ ಯೂನಿಟ್‌ನ ಟೆಸ್ಟ್ ಕಿಟ್‌ನಿಂದಲೇ ಬೀಳಿಸಿ. ಬಿದ್ದ ಸಮಯ ಬರೆದುಕೊಳ್ಳಿ. ಸರ್ವಿಸ್ ಅದಾದ ಮೇಲೆ. ಸರ್ವಿಸ್ ಮುಗಿದ ಮೇಲೆ ಇನ್ನೊಮ್ಮೆ ಟೆಸ್ಟ್.

ಪ್ರೈಮರಿಯೋ ಸೆಕೆಂಡರಿಯೋ ಅಂದರೆ, ಸೆಕೆಂಡರಿ ಕಿಟ್ ಸಿಟಿಯನ್ನೂ (ಕರೆಂಟ್ ಎಷ್ಟಿದೆ ಅಂತ ಟ್ರಿಪ್ ಯೂನಿಟ್‌ಗೆ ತಿಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಅದರ ವೈರನ್ನೂ ನೋಡುವುದಿಲ್ಲ, ಅದಕ್ಕೆ ಪ್ರೈಮರಿಯೇ ಬೇಕು. ಹೊಸ ಪ್ಯಾನಲ್‌ಗೆ, ಸಿಟಿ ಅಥವಾ ಟ್ರಿಪ್ ಯೂನಿಟ್ ಬದಲಿಸಿದಾಗ ಖಂಡಿತ ಮಾಡಿಸಿ, ದುಡ್ಡಿನ ಮುಖ ನೋಡಬೇಡಿ. ಪ್ರೈಮರಿಯಲ್ಲಿ ಒಂದೇ ಫೇಸ್‌ಗೆ ಕರೆಂಟ್ ಕೊಟ್ಟರೆ ಬ್ರೇಕರ್ ಅದನ್ನು ಅರ್ತ್ ಫಾಲ್ಟ್ ಅಂದುಕೊಂಡು ಮೊದಲೇ ಬೀಳುತ್ತದೆ, ಅದಕ್ಕೆ ಆ ಫಂಕ್ಷನ್ ಆಫ್ ಮಾಡುತ್ತಾರೆ. ಮತ್ತೆ ಆನ್ ಮಾಡಲು ಮರೆಯುವವರೇ ಜಾಸ್ತಿ. ಟೆಸ್ಟ್‌ಗೆ ಮುಂಚೆ ಡಯಲ್‌ಗಳ ಫೋಟೋ ತೆಗೆದಿಡಿ, ಮುಗಿದ ಮೇಲೆ ಫೋನ್ ಕೈಯಲ್ಲಿ ಹಿಡಿದು ಒಂದೊಂದೇ ಡಯಲ್ ತಾಳೆ ನೋಡಿ. ಇದನ್ನು ಕಾಂಟ್ರಾಕ್ಟರ್‌ಗೆ ಬಿಡಬೇಡಿ.